ಲ್ಯಾಂಡ್‌ಸ್ಕೇಪ್ ಚಿತ್ರಕ್ಕೆ ಕ್ರಾಪ್ ಸೆನ್ಸರ್ ಸಾಕೇ, ಫುಲ್ ಫ್ರೇಮ್ ಬೇಕೇ?

ಒಂದು ಕ್ರಾಪ್ ಸೆನ್ಸರ್ ಕ್ಯಾಮೆರಾ (ಬೆಳಕು ಹಿಡಿಯುವ ಫಲಕ, ಅಂದರೆ ಸೆನ್ಸರ್, ಚಿಕ್ಕದು), ಒಂದು ಫುಲ್ ಫ್ರೇಮ್ ಕ್ಯಾಮೆರಾ (ಸೆನ್ಸರ್ ದೊಡ್ಡದು), ಎರಡರಲ್ಲೂ 24 ಮೆಗಾಪಿಕ್ಸೆಲ್. ಬೆಳಗಿನ ಮೆತ್ತನೆ ಬೆಳಕಿನಲ್ಲಿ ಎರಡನ್ನೂ ಒಂದೇ ಟ್ರೈಪಾಡಿನ ಮೇಲೆ ಸರದಿಯಲ್ಲಿ ಕೂರಿಸಿ, ಒಂದೇ ಬೆಟ್ಟದ ಸಾಲನ್ನು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) 100ರಲ್ಲಿ ತೆಗೆದು, ಎ3 ಹಾಳೆಗೆ ಮುದ್ರಿಸಿ ಪಕ್ಕಪಕ್ಕ ಇಡಿ. ಯಾವ ಚಿತ್ರ ಯಾವ ಕ್ಯಾಮೆರಾದ್ದು ಎಂದು ಹೇಳಲು ಪಳಗಿದ ಕಣ್ಣೂ ತಡವರಿಸುತ್ತದೆ. ಅದೇ ಎರಡನ್ನೂ ಅಮಾವಾಸ್ಯೆಯ ರಾತ್ರಿ ಆಕಾಶಗಂಗೆಯ ಕಡೆಗೆ ತಿರುಗಿಸಿದರೆ ವ್ಯತ್ಯಾಸ ಕ್ಯಾಮೆರಾದ ಹಿಂಬದಿಯ ಪರದೆಯಲ್ಲೇ ಕಾಣುತ್ತದೆ.

ಈ ಎರಡು ಸನ್ನಿವೇಶಗಳ ನಡುವೆ ಬದಲಾದದ್ದು ಬೆಳಕು. ದೊಡ್ಡ ಸೆನ್ಸರಿಗೆ ಹೆಚ್ಚು ಬೆಳಕು ಹಿಡಿಯುವ ಶಕ್ತಿ ಇದೆ. ಆದರೆ ಆ ಬೆಳಕನ್ನು ಅದಕ್ಕೆ ಒದಗಿಸಬೇಕಾದವರು ನಾವು. ಒದಗಿಸಿದಾಗ ಫುಲ್ ಫ್ರೇಮ್ ಗೆಲ್ಲುತ್ತದೆ, ಒದಗಿಸದಿದ್ದರೆ ಬರೀ ಭಾರವಾಗಿ ಉಳಿಯುತ್ತದೆ. ಕ್ಯಾಮೆರಾ ಆರಿಸುವಾಗ ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದ ಲೆಕ್ಕಗಳೆಲ್ಲ ಸಲೀಸಾಗುತ್ತವೆ.

ಅಳತೆ ಎಷ್ಟು, ಅಂತರ ಎಷ್ಟು

ಫುಲ್ ಫ್ರೇಮ್ ಎಂದರೆ 36 × 24 ಮಿ.ಮೀ. ಇದು ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನ ಅಳತೆ. ಸಿನಿಮಾ ರೀಲಿನ ಎರಡು ಚೌಕಟ್ಟು ಸೇರಿದಷ್ಟು ಜಾಗ ಬಳಸಿಕೊಂಡ ಈ ಅಳತೆಯನ್ನು 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಜನಪ್ರಿಯಗೊಳಿಸಿತು. ಹಾಗಾಗಿ ‘ಫುಲ್’ ಎಂಬ ಮಾತಿನಿಂದ ಉಳಿದವು ಅರೆಬರೆ ಎಂದು ತಿಳಿಯಬೇಕಿಲ್ಲ. ಕ್ರಾಪ್ ಸೆನ್ಸರ್ ಎಂದು ನಾವು ಸಾಮಾನ್ಯವಾಗಿ ಕರೆಯುವುದು ಎಪಿಎಸ್-ಸಿ ಅಳತೆಯನ್ನು. ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳಲ್ಲಿ ಇದು ಸುಮಾರು 23.5 × 15.6 ಮಿ.ಮೀ., ಕ್ಯಾನನ್‌ನಲ್ಲಿ ಸುಮಾರು 22.3 × 14.9 ಮಿ.ಮೀ. ಕ್ರಾಪ್ ಅಂಶ, ಅಂದರೆ ಫುಲ್ ಫ್ರೇಮ್ ಉದ್ದಗಲದಲ್ಲಿ ಇದರ ಎಷ್ಟು ಪಟ್ಟು ಎಂಬುದು, ಕ್ರಮವಾಗಿ 1.5 ಮತ್ತು 1.6.

ಹೆಚ್ಚಿನವರು ಈ 1.5ರ ಲೆಕ್ಕಕ್ಕೇ ನಿಂತುಬಿಡುತ್ತಾರೆ. ಬೆಳಕಿನ ಮಟ್ಟಿಗೆ ನೋಡಬೇಕಾದದ್ದು ವಿಸ್ತೀರ್ಣ. ಫುಲ್ ಫ್ರೇಮಿನದು 864 ಚದರ ಮಿ.ಮೀ., ಎಪಿಎಸ್-ಸಿಯದು ಸುಮಾರು 367. ಅಂದರೆ ಒಂದೇ ಅಪರ್ಚರ್ (ಲೆನ್ಸಿನ ರಂಧ್ರದ ತೆರವು, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು), ಒಂದೇ ಶಟರ್ ವೇಗದಲ್ಲಿ ಫುಲ್ ಫ್ರೇಮ್ ಒಟ್ಟಾರೆ 2.35 ಪಟ್ಟು ಬೆಳಕು ಹಿಡಿಯುತ್ತದೆ. ಸ್ಟಾಪ್‌ಗಳಲ್ಲಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೇಳಿದರೆ ಒಂದೂಕಾಲಿಗೆ ತುಸು ಕಡಿಮೆ. ಕ್ಯಾನನ್ ಅಳತೆಗೆ ಹೋಲಿಸಿದರೆ ಅಂತರ ಸುಮಾರು 1.4 ಸ್ಟಾಪ್. ಒಂದೇ ತಲೆಮಾರಿನ ಎರಡು ಸೆನ್ಸರ್‌ಗಳ ನಡುವೆ ನಾಯ್ಸ್‌ನಲ್ಲಿ (ಚಿತ್ರದಲ್ಲಿ ಮೂಡುವ ಕಾಳುಕಾಳು ಕಲೆ) ನಿರೀಕ್ಷಿಸಬಹುದಾದ ವ್ಯತ್ಯಾಸ ಇಷ್ಟೇ. ‘ಫುಲ್ ಫ್ರೇಮ್‌ಗೆ ಹೋದ ಮೇಲೆ ಜಗತ್ತೇ ಬದಲಾಯಿತು’ ಎನ್ನುವವರಲ್ಲಿ ಅನೇಕರು ಹತ್ತು ವರ್ಷ ಹಳೆಯ ಕ್ರಾಪ್ ಕ್ಯಾಮೆರಾದಿಂದ ಹೊಸ ಫುಲ್ ಫ್ರೇಮ್‌ಗೆ ಹೋಗಿರುತ್ತಾರೆ. ಕಾಲದ ಅಂತರವೂ ಸೆನ್ಸರ್ ಅಳತೆಯ ಖಾತೆಗೆ ಜಮೆಯಾಗಿರುತ್ತದೆ.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ಬದಿಗಿಡೋಣ. ಮೊದಲನೆಯದು, ಕ್ರಾಪ್ ಅಂಶ ಎಕ್ಸ್‌ಪೋಷರನ್ನು ಬದಲಿಸುತ್ತದೆ ಎಂಬುದು. ಬದಲಿಸುವುದಿಲ್ಲ. ಎಫ್/8, 1/60 ಸೆಕೆಂಡ್, ಐಎಸ್‌ಒ 100 ಎಂಬ ಲೆಕ್ಕ ಎರಡರಲ್ಲೂ ಒಂದೇ ಹೊಳಪಿನ ಚಿತ್ರ ಕೊಡುತ್ತದೆ. ಎರಡನೆಯದು, ಕ್ರಾಪ್ ಸೆನ್ಸರ್ ಪರ್ಸ್‌ಪೆಕ್ಟಿವ್ ಬದಲಿಸುತ್ತದೆ ಎಂಬುದು. ಮುಂದಿನ ಬಂಡೆ ಮತ್ತು ಹಿಂದಿನ ಬೆಟ್ಟದ ಗಾತ್ರದ ಅನುಪಾತವನ್ನು ತೀರ್ಮಾನಿಸುವುದು ನೀವು ನಿಂತ ಜಾಗ. ಸೆನ್ಸರಿಗೆ ಅದರಲ್ಲಿ ಪಾತ್ರವಿಲ್ಲ.

ಡೆಪ್ತ್ ಆಫ್ ಫೀಲ್ಡ್: ಯಾರಿಗೂ ಲಾಭವಿಲ್ಲದ ವ್ಯವಹಾರ

ಲ್ಯಾಂಡ್‌ಸ್ಕೇಪ್ ತೆಗೆಯುವವರು ಹೆಚ್ಚು ಹೊತ್ತು ಕೂತು ಅರ್ಥಮಾಡಿಕೊಳ್ಳಬೇಕಾದ ಭಾಗ ಇದು. ಡೆಪ್ತ್ ಎಂದರೆ ಹತ್ತಿರದಿಂದ ದೂರದವರೆಗೆ ಚೂಪಾಗಿ ಕಾಣುವ ವ್ಯಾಪ್ತಿ, ಡಿಫ್ರಾಕ್ಷನ್ ಎಂದರೆ ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿ ಬರುವ ಮಸುಕು. ‘ಕ್ರಾಪ್ ಸೆನ್ಸರಿನಲ್ಲಿ ಡೆಪ್ತ್ ಹೆಚ್ಚು, ಆದ್ದರಿಂದ ಲ್ಯಾಂಡ್‌ಸ್ಕೇಪಿಗೆ ಅದೇ ಮೇಲು’ ಎಂಬ ವಾದವನ್ನೂ, ‘ಕ್ರಾಪ್‌ನಲ್ಲಿ ಡಿಫ್ರಾಕ್ಷನ್ ಬೇಗ ಬರುತ್ತದೆ, ಆದ್ದರಿಂದ ಫುಲ್ ಫ್ರೇಮ್ ಮೇಲು’ ಎಂಬ ವಾದವನ್ನೂ ಕೇಳಿರುತ್ತೀರಿ. ಎರಡೂ ಅರ್ಧ ಸತ್ಯ. ಎರಡು ಅರ್ಧಗಳನ್ನು ಸೇರಿಸಿದರೆ ಲೆಕ್ಕ ಸೊನ್ನೆಗೆ ಬರುತ್ತದೆ.

ಫುಲ್ ಫ್ರೇಮಿನಲ್ಲಿ 24 ಮಿ.ಮೀ. ಲೆನ್ಸ್, ಎಫ್/11. ಬೆಳಕು ಒಳಬರುವ ರಂಧ್ರದ ವ್ಯಾಸ 24 ಭಾಗಿಸು 11, ಸುಮಾರು 2.2 ಮಿ.ಮೀ. ಅದೇ ನೋಟ ಕ್ರಾಪ್‌ನಲ್ಲಿ ಬೇಕೆಂದರೆ 16 ಮಿ.ಮೀ. ಲೆನ್ಸ್ ಬೇಕು. ಅದನ್ನು ಎಫ್/7.1ಕ್ಕೆ ಇಟ್ಟರೆ ರಂಧ್ರದ ವ್ಯಾಸ 2.25 ಮಿ.ಮೀ. ಹೆಚ್ಚುಕಡಿಮೆ ಅದೇ ರಂಧ್ರ. ಒಂದೇ ಜಾಗದಿಂದ ಒಂದೇ ನೋಟವನ್ನು ತೆಗೆದು ಒಂದೇ ಗಾತ್ರಕ್ಕೆ ಮುದ್ರಿಸಿದಾಗ ಡೆಪ್ತನ್ನೂ ಡಿಫ್ರಾಕ್ಷನ್‌ನ ಮಸುಕನ್ನೂ ನಿರ್ಧರಿಸುವುದು ಈ ರಂಧ್ರದ ವ್ಯಾಸವೇ. ಹೈಪರ್‌ಫೋಕಲ್ ದೂರದ (ಅನಂತದವರೆಗೂ ಚೂಪು ಉಳಿಯುವಂತೆ ಫೋಕಸ್ ಮಾಡಬಹುದಾದ ಅತಿ ಹತ್ತಿರದ ದೂರ) ಸೂತ್ರ ಹಾಕಿ ನೋಡಿದರೂ ಇದೇ ಉತ್ತರ: ಫುಲ್ ಫ್ರೇಮ್‌ಗೆ 0.03 ಮಿ.ಮೀ. ಮಸುಕುವೃತ್ತ (ಕಣ್ಣಿಗೆ ಇನ್ನೂ ಚೂಪೆನಿಸುವ ಅತಿ ದೊಡ್ಡ ಚುಕ್ಕೆ) ಹಿಡಿದರೆ 24 ಮಿ.ಮೀ. ಎಫ್/11ಕ್ಕೆ 1.77 ಮೀಟರ್, ಕ್ರಾಪ್‌ಗೆ 0.02 ಹಿಡಿದರೆ 16 ಮಿ.ಮೀ. ಎಫ್/7.1ಕ್ಕೆ 1.82 ಮೀಟರ್. ಎರಡರಲ್ಲೂ ಸುಮಾರು 90 ಸೆಂ.ಮೀ.ನಿಂದ ಅನಂತದವರೆಗೆ ಚೂಪು.

ಡಿಫ್ರಾಕ್ಷನ್ ಕಡೆಯಿಂದಲೂ ನೋಡಿ. ಹಸಿರು ಬೆಳಕಿಗೆ ಒಂದು ಬಿಂದುವಿನ ಮಸುಕು ವೃತ್ತದ ವ್ಯಾಸ ಎಫ್/8ರಲ್ಲಿ ಸುಮಾರು 10.7 ಮೈಕ್ರಾನ್, ಎಫ್/11ರಲ್ಲಿ 14.8, ಎಫ್/16ರಲ್ಲಿ 21.5. ಕ್ರಾಪ್ ಸೆನ್ಸರಿನ ಚಿತ್ರವನ್ನು ಅದೇ ಗಾತ್ರದ ಮುದ್ರಣಕ್ಕೆ ಒಂದೂವರೆ ಪಟ್ಟು ಹೆಚ್ಚು ಹಿಗ್ಗಿಸಬೇಕಲ್ಲ, ಮಸುಕೂ ಅಷ್ಟೇ ಹಿಗ್ಗುತ್ತದೆ. ಕ್ರಾಪ್‌ನ ಎಫ್/11ರ ಮಸುಕು ಫುಲ್ ಫ್ರೇಮಿನ ಎಫ್/16ರ ಮಸುಕಿಗೆ ಸಮ. ಡೆಪ್ತ್ ಕೂಡ ಸಮ.

ಇದರಿಂದ ಹೊರಡುವ ಕೆಲಸದ ಮಾತು: ಕ್ರಾಪ್ ಕ್ಯಾಮೆರಾದಲ್ಲಿ ಎಫ್/5.6ರಿಂದ ಎಫ್/8 ನಿಮ್ಮ ಮನೆ. ಮುಂಭಾಗ ತೀರಾ ಹತ್ತಿರವಿದ್ದರೆ ಎಫ್/11. ಎಫ್/16ಕ್ಕೆ ಹೋಗಬೇಡಿ. ಫುಲ್ ಫ್ರೇಮಿನಲ್ಲಿ ಎಫ್/8ರಿಂದ ಎಫ್/11, ಅನಿವಾರ್ಯವಾದರೆ ಎಫ್/16. ಎಫ್/22 ಬೇಡ. ಕ್ರಾಪ್ ಕ್ಯಾಮೆರಾ ಹಿಡಿದು, ಫುಲ್ ಫ್ರೇಮ್‌ನವರು ಬರೆದ ಪಾಠ ಓದಿ, ಕಣ್ಣುಮುಚ್ಚಿ ಎಫ್/16 ಇಡುವುದು ಬಹಳ ಸಾಮಾನ್ಯ ತಪ್ಪು. ಮನೆಗೆ ಬಂದು ‘ಕ್ರಾಪ್ ಸೆನ್ಸರ್ ಚೂಪಿಲ್ಲ’ ಎನ್ನುತ್ತಾರೆ. ಚೂಪು ಕಳೆದದ್ದು ಆ ಅಪರ್ಚರ್.

ಫೋಕಸ್ ಎಲ್ಲಿಡಬೇಕು ಎಂಬುದಕ್ಕೆ ಕೋಷ್ಟಕ ಬೇಕಿಲ್ಲ. ಚೂಪಾಗಿ ಬೇಕಾದ ಅತಿ ಹತ್ತಿರದ ವಸ್ತು ಎಷ್ಟು ದೂರವಿದೆಯೋ ಅದರ ಎರಡರಷ್ಟು ದೂರಕ್ಕೆ ಫೋಕಸ್ ಮಾಡಿ. ಹುಲ್ಲಿನ ಗರಿ 70 ಸೆಂ.ಮೀ.ನಲ್ಲಿದ್ದರೆ 1.4 ಮೀಟರಿನ ಬಂಡೆಗೆ. ಹತ್ತಿರದ ವಸ್ತುವಿನಲ್ಲೂ ದೂರದ ದಿಗಂತದಲ್ಲೂ ಮಸುಕು ಸಮನಾಗಿ ಹಂಚಿಹೋಗುತ್ತದೆ, ಸೆನ್ಸರ್ ಯಾವುದೇ ಇರಲಿ. ಅಷ್ಟಾದರೂ ಸಾಲದಿದ್ದರೆ ಅಪರ್ಚರ್ ಇನ್ನಷ್ಟು ಕಿರಿದು ಮಾಡುವ ಬದಲು ಮುಂಭಾಗಕ್ಕೊಂದು, ನಡುವಿಗೊಂದು, ದೂರಕ್ಕೊಂದು ಎಂದು ಮೂರು ಫ್ರೇಮ್ ತೆಗೆದು ಜೋಡಿಸಿ. ಗಾಳಿಗೆ ಹುಲ್ಲು ಅಲುಗುತ್ತಿದ್ದರೆ ಜೋಡಣೆ ಕೆಡುತ್ತದೆ, ಗಾಳಿ ತಗ್ಗುವವರೆಗೆ ಕಾಯಬೇಕು.

ಗಾಳಿಯ ಮಾತು ಬಂತು. ಮುಂಭಾಗದ ಹೂವು ಓಲಾಡುತ್ತಿದೆ, 1/125 ಸೆಕೆಂಡ್ ಬೇಕೇ ಬೇಕು ಎಂದುಕೊಳ್ಳಿ. ಕ್ರಾಪ್‌ನವರು ಎಫ್/7.1, ಐಎಸ್‌ಒ 100ರಲ್ಲಿ ತೆಗೆದರೆ ಅದೇ ಡೆಪ್ತಿಗೆ ಫುಲ್ ಫ್ರೇಮ್‌ನವರು ಎಫ್/11ಕ್ಕೆ ಇಳಿಸಿ ಐಎಸ್‌ಒ 225ರ ಆಸುಪಾಸಿಗೆ ಏರಿಸಬೇಕು. ನಾಯ್ಸ್ ಸಮವಾಗುತ್ತದೆ. ಫುಲ್ ಫ್ರೇಮ್‌ನ ಲಾಭ ಅಲ್ಲಿಗೆ ಮುಗಿಯಿತು. ಅದೇ ದೃಶ್ಯದಲ್ಲಿ ಏನೂ ಅಲುಗದಿದ್ದರೆ, ಕ್ಯಾಮೆರಾ ಟ್ರೈಪಾಡಿನ ಮೇಲಿದ್ದರೆ, ಫುಲ್ ಫ್ರೇಮ್ ಐಎಸ್‌ಒ 100ರಲ್ಲೇ ನಿಂತು ಶಟರನ್ನು ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ತೆರೆದಿಟ್ಟು ತನ್ನ ಪಾಲಿನ ಬೆಳಕು ಪಡೆಯುತ್ತದೆ. ಹಾಗಾಗಿ ಟ್ರೈಪಾಡ್ ಒಯ್ಯದವರಿಗೆ ಫುಲ್ ಫ್ರೇಮ್ ಕೊಡುವುದು ಕಡಿಮೆ.

ಟ್ರೈಪಾಡಿನ ಮೇಲೆ ಫುಲ್ ಫ್ರೇಮ್ ಕೊಡುವುದೇನು

ನೆರಳಿನಲ್ಲಿ ಸ್ವಚ್ಛತೆ ಕೊಡುತ್ತದೆ. ಸೂರ್ಯ ಚೌಕಟ್ಟಿನಲ್ಲಿದ್ದು, ಕಣಿವೆ ಕತ್ತಲಲ್ಲಿದ್ದು, ಹೊಳಪು ಸುಟ್ಟುಹೋಗದಂತೆ ಎಕ್ಸ್‌ಪೋಸ್ ಮಾಡಿ ನೆರಳನ್ನು ಮೂರು ಸ್ಟಾಪ್ ಎತ್ತಿದಾಗ ಆ ಒಂದೂಕಾಲು ಸ್ಟಾಪ್ ಕಣ್ಣಿಗೆ ಬೀಳುತ್ತದೆ. ನಿಕಾನ್‌ನ ಡಿ810, ಡಿ850, ಝಡ್7ಗಳಂತೆ ಮೂಲ ಐಎಸ್‌ಒ (ಕ್ಯಾಮೆರಾದ ಸಹಜವಾದ ಅತಿ ಕಡಿಮೆ ಐಎಸ್‌ಒ) 64 ಇರುವ ಕ್ಯಾಮೆರಾ ಆದರೆ ಇನ್ನೂ ಸುಮಾರು ಮೂರನೇ ಎರಡು ಸ್ಟಾಪಿನ ಲಾಭ ಸೇರುತ್ತದೆ, ಏಕೆಂದರೆ ಪ್ರತಿ ಪಿಕ್ಸೆಲ್ ತುಂಬಿ ಚೆಲ್ಲುವ ಮೊದಲು ಇನ್ನಷ್ಟು ಬೆಳಕು ಹಿಡಿಯಬಲ್ಲದು. ಕ್ರಾಪ್‌ನ ಐಎಸ್‌ಒ 100ಕ್ಕೆ ಹೋಲಿಸಿದರೆ ಒಟ್ಟು ಅಂತರ ಎರಡು ಸ್ಟಾಪಿನ ಸಮೀಪ. ಕೆಲವು ಕ್ರಾಪ್ ಕ್ಯಾಮೆರಾಗಳ ಮೂಲ ಐಎಸ್‌ಒ 100 ಅಲ್ಲ ಎಂಬುದನ್ನೂ ನೋಡಿಕೊಳ್ಳಿ. ಫ್ಯೂಜಿಫಿಲ್ಮ್ ಎಕ್ಸ್-ಟಿ5ರದು 125, ಅದಕ್ಕೆ ಹಿಂದಿನ ಎಕ್ಸ್-ಟಿ4ರದು 160.

ಈ ಲಾಭ ಸಿಗಬೇಕಾದರೆ ಹಿಸ್ಟೋಗ್ರಾಂ (ಕತ್ತಲಿನಿಂದ ಹೊಳಪಿನವರೆಗಿನ ಹಂಚಿಕೆ ತೋರುವ ನಕ್ಷೆ) ಬಲಬದಿಯ ಗೋಡೆಯ ಹತ್ತಿರಕ್ಕೆ ಬರುವಷ್ಟು ಎಕ್ಸ್‌ಪೋಷರ್ ಕೊಡಬೇಕು. ಫುಲ್ ಫ್ರೇಮ್ ಇಟ್ಟುಕೊಂಡು ಹೊಳಪು ಸುಡುವ ಭಯದಲ್ಲಿ ಒಂದೂವರೆ ಸ್ಟಾಪ್ ಕಡಿಮೆ ಎಕ್ಸ್‌ಪೋಸ್ ಮಾಡಿದರೆ ಕೈಯಾರೆ ಕ್ರಾಪ್ ಸೆನ್ಸರಿಗಿಂತ ಕೆಳಗಿಳಿದಂತೆ.

ಪಿಕ್ಸೆಲ್, ಮುದ್ರಣ, ಲೆನ್ಸಿನ ಮೇಲಿನ ಒತ್ತಡ

24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್. ಇಂಚಿಗೆ 300ರಂತೆ ಮುದ್ರಿಸಿದರೆ 20 ಇಂಚು, 240ರಂತೆ 25 ಇಂಚು. 61 ಮೆಗಾಪಿಕ್ಸೆಲ್ ಚಿತ್ರದ ಅಗಲ 9504, ಅಂದರೆ 300ರಲ್ಲಿ ಸುಮಾರು 32 ಇಂಚು. ಗೋಡೆಯ ಮೇಲೆ ಮೀಟರ್ ಅಗಲದ ಮುದ್ರಣ ಹಾಕಿ, ಜನ ಹತ್ತಿರ ಬಂದು ಎಲೆ ಎಣಿಸಬೇಕು ಎಂಬ ಆಸೆ ಇದ್ದರೆ ಈ ಸಂಖ್ಯೆ ಮುಖ್ಯ. ಚಿತ್ರಗಳು ಪರದೆಯ ಮೇಲೇ ಬದುಕುವುದಾದರೆ ಅಲ್ಲ. 4ಕೆ ಪರದೆಗೆ ಬೇಕಾದದ್ದು ಸುಮಾರು 8 ಮೆಗಾಪಿಕ್ಸೆಲ್.

ಪಿಕ್ಸೆಲ್‌ಗಳ ಸಾಂದ್ರತೆ ಬೇರೆಯದೇ ಕತೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮಿನಲ್ಲಿ ಒಂದು ಪಿಕ್ಸೆಲ್ 6 ಮೈಕ್ರಾನ್. ಅಷ್ಟೇ ಮೆಗಾಪಿಕ್ಸೆಲ್ಲಿನ ಕ್ರಾಪ್‌ನಲ್ಲಿ 3.9. 40 ಮೆಗಾಪಿಕ್ಸೆಲ್ ಕ್ರಾಪ್‌ನಲ್ಲಿ ಸುಮಾರು 3. ಪಿಕ್ಸೆಲ್ ಚಿಕ್ಕದಾದಷ್ಟೂ ಲೆನ್ಸಿನ ದೋಷ, ಟ್ರೈಪಾಡಿನ ನಡುಕ, ಫೋಕಸ್‌ನ ತಪ್ಪು ಎಲ್ಲವೂ ನೂರಕ್ಕೆ ನೂರು ಹಿಗ್ಗಿಸಿದಾಗ ಎದ್ದು ಕಾಣುತ್ತವೆ. ಆದ್ದರಿಂದ 40 ಮೆಗಾಪಿಕ್ಸೆಲ್ಲಿನ ಕ್ರಾಪ್ ಕ್ಯಾಮೆರಾಕ್ಕೆ ಹಳೆಯ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಲೆನ್ಸ್) ಹಾಕುವುದರಲ್ಲಿ ಅರ್ಥವಿಲ್ಲ. ಮೂಲೆಗಳು ಹಿಟ್ಟು ಹಿಟ್ಟಾಗಿ ಬರುತ್ತವೆ, ಫೈಲಿನ ಗಾತ್ರ ಮಾತ್ರ ಬೆಳೆಯುತ್ತದೆ. ಎರಡು ಸೆಕೆಂಡಿನ ಟೈಮರ್ ಅಥವಾ ರಿಮೋಟ್, ನಡುಗಂಬ ಇಳಿಸಿದ ಟ್ರೈಪಾಡ್, ಎಲೆಕ್ಟ್ರಾನಿಕ್ ಮೊದಲ ಪರದೆಯ ಶಟರ್: ಈ ಮೂರು ಇಲ್ಲದೆ ಅಷ್ಟು ಪಿಕ್ಸೆಲ್ ಕೊಂಡು ಪ್ರಯೋಜನವಿಲ್ಲ.

ಪಿಕ್ಸೆಲ್ ಶಿಫ್ಟ್ ಸೌಲಭ್ಯಕ್ಕೆ ಮಾರುಹೋಗುವ ಮೊದಲು ಒಂದು ಮಾತು. ಸೆನ್ಸರನ್ನು ಕೂದಲೆಳೆಯಷ್ಟು ಸರಿಸುತ್ತ ಹಲವು ಫ್ರೇಮ್ ತೆಗೆದು ಎಕ್ಸ್-ಟಿ5 160 ಮೆಗಾಪಿಕ್ಸೆಲ್, ಸೋನಿಯ ಎ7ಆರ್ 5 ಕ್ಯಾಮೆರಾ 240 ಮೆಗಾಪಿಕ್ಸೆಲ್ ಚಿತ್ರ ಕಟ್ಟುತ್ತವೆ. ಬಂಡೆ, ಕಟ್ಟಡ, ಮರಳುಗಾಡಿಗೆ ಸೊಗಸು. ಎಲೆ, ನೀರು, ಮೋಡ ಬಂದೊಡನೆ ಅಂಚುಗಳಲ್ಲಿ ಜಾಲರಿಯಂಥ ಕಲೆ ಮೂಡುತ್ತದೆ.

ಲೆನ್ಸುಗಳೇ ಅಸಲಿ ಖರ್ಚು, ಅಸಲಿ ಭಾರ

ಕ್ಯಾಮೆರಾ ಆರಿಸುತ್ತಿದ್ದೇವೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಆರಿಸುತ್ತಿರುವುದು ಮೂರು ಲೆನ್ಸ್‌ಗಳ ಒಂದು ಗಂಟನ್ನು. ಫುಲ್ ಫ್ರೇಮಿನಲ್ಲಿ (ಸಂಖ್ಯೆಗಳು ಫೋಕಲ್ ಲೆಂತ್‌ನ ಮಿ.ಮೀ.; ಚಿಕ್ಕದು ಅಗಲ ನೋಟದ ವೈಡ್, ದೊಡ್ಡದು ದೂರ ಹಿಡಿಯುವ ಟೆಲಿ) 14-30 ಅಥವಾ 16-35, 24-105 ಅಥವಾ 24-120, ಮೇಲಕ್ಕೆ 70-200 ಇಲ್ಲವೇ 100-400. ಕ್ರಾಪ್‌ನಲ್ಲಿ ಇವುಗಳ ಜಾಗಕ್ಕೆ 10-24, 16-80, 70-300. 10-24 ಲೆನ್ಸ್ ಫುಲ್ ಫ್ರೇಮ್ ಲೆಕ್ಕದಲ್ಲಿ 15-36, 16-80 ಎಂದರೆ 24-120, 70-300 ಎಂದರೆ 105-450.

ತೂಕವನ್ನು ಕೂಡಿ ನೋಡೋಣ. ಎಕ್ಸ್-ಟಿ5 557 ಗ್ರಾಂ, ಅದರ 10-24 ಎಫ್/4 ಲೆನ್ಸಿನ ಹೊಸ ಆವೃತ್ತಿ 385, 16-80 ಎಫ್/4 440, 70-300 580. ಒಟ್ಟು ಸುಮಾರು 1.96 ಕಿಲೋ. ನಿಕಾನ್ ಝಡ್7ರ ಎರಡನೇ ಆವೃತ್ತಿ ಬ್ಯಾಟರಿ ಸಹಿತ 705 ಗ್ರಾಂ, 14-30 ಎಫ್/4 485, 24-120 ಎಫ್/4 630, ಟ್ರೈಪಾಡ್ ಕಾಲರ್ ಸಹಿತ 100-400 1435. ಒಟ್ಟು 3.25 ಕಿಲೋ. ಅಂತರ 1.3 ಕಿಲೋ. ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಭಾರದ ಲೆನ್ಸಿಗೆ ಗಟ್ಟಿ ಹೆಡ್, ಗಟ್ಟಿ ಹೆಡ್‌ಗೆ ಗಟ್ಟಿ ಕಾಲು, ಎಲ್ಲಕ್ಕೂ ದೊಡ್ಡ ಚೀಲ. ಎರಡು ದಿನದ ಚಾರಣದಲ್ಲಿ ಈ ಅಂತರ ಒಂದು ಮಲಗುಚೀಲದಷ್ಟಾಗುತ್ತದೆ.

ಆದರೆ ‘ಫುಲ್ ಫ್ರೇಮ್ ಬಾಡಿ ಭಾರ’ ಎಂಬುದು ಈಗ ನಿಜವಲ್ಲ. ಕ್ಯಾನನ್‌ನ ಫುಲ್ ಫ್ರೇಮ್ ಆರ್8 461 ಗ್ರಾಂ, ಅದೇ ಕಂಪನಿಯ ಕ್ರಾಪ್ ಆರ್7 612 ಗ್ರಾಂ. ಆರ್8ರಲ್ಲಿ ಸೆನ್ಸರನ್ನು ಅಲುಗದಂತೆ ಹಿಡಿಯುವ ಸ್ಟೆಬಿಲೈಸೇಷನ್ ಇಲ್ಲ, ಆರ್7ರಲ್ಲಿದೆ. ಭಾರ ಅಡಗಿರುವುದು ಗಾಜಿನಲ್ಲಿ. ಅದರಲ್ಲೂ ಟೆಲಿ ಲೆನ್ಸಿನ ಗಾಜಿನಲ್ಲಿ. ವೈಡ್ ಲೆನ್ಸ್‌ಗಳನ್ನಷ್ಟೇ ಹೋಲಿಸಿದರೆ ಮೇಲಿನ ಎರಡು ಎಫ್/4 ಲೆನ್ಸ್‌ಗಳ ನಡುವೆ ಬರೀ 100 ಗ್ರಾಂ ವ್ಯತ್ಯಾಸ. ದಿಗಂತ, ಕಡಲತೀರ, ಜಲಪಾತ ಎಂದು ವೈಡ್‌ನಲ್ಲೇ ಕೆಲಸ ಮಾಡುವವರಿಗೆ ಫುಲ್ ಫ್ರೇಮ್ ಅಷ್ಟೇನೂ ದುಬಾರಿ ಹೊರೆಯಲ್ಲ. ದೂರದ ಶಿಖರ, ಮಂಜಿನ ಪದರ, ಒಂಟಿ ಮರ ಹುಡುಕುವವರಿಗೆ ಕ್ರಾಪ್ ದೊಡ್ಡ ವರ.

ಟೆಲಿಯಲ್ಲಿ ಕ್ರಾಪ್‌ನ ಮೇಲುಗೈ ಪಿಕ್ಸೆಲ್ ಸಾಂದ್ರತೆಯಿಂದ ಬಂದದ್ದು, ಅಳತೆಯಿಂದಲ್ಲ. 300 ಮಿ.ಮೀ. ಲೆನ್ಸ್ ಹಾಕಿ ದೂರದ ಶಿಖರ ತೆಗೆದರೆ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ಗಿಂತ 24 ಮೆಗಾಪಿಕ್ಸೆಲ್ ಕ್ರಾಪ್ ಶಿಖರದ ಮೇಲೆ ಹೆಚ್ಚು ಪಿಕ್ಸೆಲ್ ಸುರಿಯುತ್ತದೆ. 61 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಆದರೆ ಕತ್ತರಿಸಿದ ಮೇಲೂ 26 ಮೆಗಾಪಿಕ್ಸೆಲ್ ಉಳಿಯುತ್ತದೆ. ಅದರ ಹೊಟ್ಟೆಯಲ್ಲೇ ಒಂದು ಕ್ರಾಪ್ ಕ್ಯಾಮೆರಾ ಇದೆ.

ಫಿಲ್ಟರ್ ಬಳಸುವವರು ಲೆನ್ಸ್ ಕೊಳ್ಳುವ ಮುಂಚೆ ಅದರ ಮುಂಗಾಜು ನೋಡಿ. ಕ್ರಾಪ್‌ನ ವೈಡ್ ಲೆನ್ಸ್‌ಗಳು ಬಹುಪಾಲು 67 ಅಥವಾ 72 ಮಿ.ಮೀ. ತಿರುಪಿನವು, 100 ಮಿ.ಮೀ. ಚೌಕ ಫಿಲ್ಟರ್ ಹೋಲ್ಡರ್ ಸರಾಗವಾಗಿ ಕೂರುತ್ತದೆ. ಫುಲ್ ಫ್ರೇಮಿನ ಎಫ್/2.8 ವೈಡ್‌ಗಳಲ್ಲಿ ಹಲವು 82 ಮಿ.ಮೀ. ಬೇಡುತ್ತವೆ. ಹಳೆಯ 14-24ರಂತೆ ಗುಮ್ಮಟದ ಮುಂಗಾಜು ಇದ್ದರೆ ತಿರುಪೇ ಇಲ್ಲ, 150 ಮಿ.ಮೀ. ವ್ಯವಸ್ಥೆ ಹೊರಬೇಕು. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಎಷ್ಟು ದೊಡ್ಡದಾದರೆ ಅಷ್ಟು ದುಬಾರಿ. ಲ್ಯಾಂಡ್‌ಸ್ಕೇಪಿಗೆ ಎಫ್/2.8 ವೈಡ್ ಬೇಕಾಗುವುದು ನಕ್ಷತ್ರಗಳಿಗೆ ಮಾತ್ರ. ಹಗಲಿನವರು ಎಫ್/4ರಲ್ಲಿ ನೆಮ್ಮದಿಯಾಗಿರಬಹುದು.

‘ಮುಂದೆ ಫುಲ್ ಫ್ರೇಮ್ ಕೊಳ್ಳುತ್ತೇನೆ, ಈಗಲೇ ಫುಲ್ ಫ್ರೇಮ್ ಲೆನ್ಸ್ ಕೊಂಡುಬಿಡೋಣ’ ಎಂಬ ಯೋಜನೆ ಲ್ಯಾಂಡ್‌ಸ್ಕೇಪಿನವರಿಗೆ ಕೈಕೊಡುತ್ತದೆ. 24-70 ಲೆನ್ಸ್ ಕ್ರಾಪ್ ಕ್ಯಾಮೆರಾದಲ್ಲಿ 36-105 ಆಗಿ ವೈಡ್ ನೋಟವೇ ಹೋಗಿಬಿಡುತ್ತದೆ. ಟೆಲಿ ಮಾತ್ರ ಹೀಗೆ ಮುಂಗಡ ಕೊಳ್ಳಲು ಯೋಗ್ಯ. ಹಿಂದುಮುಂದಾಗಿ, ಕ್ರಾಪ್ ಲೆನ್ಸನ್ನು ಫುಲ್ ಫ್ರೇಮ್‌ಗೆ ಹಾಕಿದರೆ ಕ್ಯಾಮೆರಾ ತಾನೇ ಚೌಕಟ್ಟು ಕಿರಿದು ಮಾಡುತ್ತದೆ. 24 ಮೆಗಾಪಿಕ್ಸೆಲ್ ಹತ್ತಕ್ಕೆ, 45 ಮೆಗಾಪಿಕ್ಸೆಲ್ ಹತ್ತೊಂಬತ್ತರ ಸುಮಾರಿಗೆ ಇಳಿಯುತ್ತದೆ.

ರಾತ್ರಿಯ ಆಕಾಶ

ಇಲ್ಲಿ ಫುಲ್ ಫ್ರೇಮ್ ನಿರ್ವಿವಾದವಾಗಿ ಮುಂದು. ಭೂಮಿ ತಿರುಗುವುದರಿಂದ ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡಲಾಗದು. ಹಳೆಯ 500ರ ನಿಯಮ, ಅಂದರೆ 500ನ್ನು ಫುಲ್ ಫ್ರೇಮ್ ಲೆಕ್ಕದ ಫೋಕಲ್ ಲೆಂತ್‌ನಿಂದ ಭಾಗಿಸುವುದು, ಇಂದಿನ ಸೆನ್ಸರ್‌ಗಳಿಗೆ ಸಡಿಲವಾಯಿತು. 14 ಮಿ.ಮೀ.ಗೆ ಅದು 35 ಸೆಕೆಂಡ್ ಎನ್ನುತ್ತದೆ, ನಕ್ಷತ್ರಗಳು ಅಕ್ಕಿಕಾಳಿನಂತೆ ಉದ್ದವಾಗುತ್ತವೆ. ಎನ್‌ಪಿಎಫ್ ಸೂತ್ರದ ಸರಳ ರೂಪ ವಾಸಿ: ಅಪರ್ಚರ್ ಸಂಖ್ಯೆಯನ್ನು 35ರಿಂದ, ಪಿಕ್ಸೆಲ್ ಅಳತೆಯ ಮೈಕ್ರಾನನ್ನು 30ರಿಂದ ಗುಣಿಸಿ ಕೂಡಿ, ಲೆನ್ಸಿನ ನಿಜವಾದ ಫೋಕಲ್ ಲೆಂತ್‌ನಿಂದ ಭಾಗಿಸಿ. 14 ಮಿ.ಮೀ. ಎಫ್/2.8, 6 ಮೈಕ್ರಾನ್ ಫುಲ್ ಫ್ರೇಮ್‌ಗೆ 20 ಸೆಕೆಂಡ್ ಬರುತ್ತದೆ. 10 ಮಿ.ಮೀ. ಎಫ್/2.8, 3.9 ಮೈಕ್ರಾನ್ ಕ್ರಾಪ್‌ಗೆ 21 ಸೆಕೆಂಡ್. ಸಮಯ ಹೆಚ್ಚುಕಡಿಮೆ ಒಂದೇ, ಅಪರ್ಚರ್ ಒಂದೇ. ಹಾಗಾದರೆ ಫುಲ್ ಫ್ರೇಮ್ ಹಿಡಿದ ಬೆಳಕು ಎರಡು ಪಟ್ಟಿಗಿಂತ ಹೆಚ್ಚು, ಅದೂ ಬೆಳಕೇ ಇಲ್ಲದ ಜಾಗದಲ್ಲಿ.

ಕ್ರಾಪ್‌ನಲ್ಲೇ ನಕ್ಷತ್ರ ತೆಗೆಯಬೇಕೆಂದರೆ ಜೂಮ್ ಬಿಟ್ಟು ಪ್ರೈಮ್ (ಒಂದೇ ಫೋಕಲ್ ಲೆಂತ್‌ನ ಲೆನ್ಸ್) ಕೊಳ್ಳಿ. 16 ಮಿ.ಮೀ. ಎಫ್/1.4 ಲೆನ್ಸಿನ ರಂಧ್ರ 11.4 ಮಿ.ಮೀ. ಅದು ಫುಲ್ ಫ್ರೇಮಿನ 24 ಮಿ.ಮೀ. ಎಫ್/2.1ಕ್ಕೆ ಸಮ. ಎಫ್/2.8 ಜೂಮ್ ಹಿಡಿದ ಫುಲ್ ಫ್ರೇಮ್‌ನವರನ್ನು ಹಿಂದಿಕ್ಕಬಹುದು.

ಕ್ರಾಪ್‌ನ ಕೊರತೆ ತುಂಬಿಕೊಳ್ಳುವ ಎರಡು ದಾರಿ

ಮೊದಲನೆಯದು ಸರಾಸರಿ. ಟ್ರೈಪಾಡಿನ ಮೇಲೆ ಒಂದೇ ಎಕ್ಸ್‌ಪೋಷರಿನ ಮೂರು ನಾಲ್ಕು ರಾ (ಕ್ಯಾಮೆರಾ ಸಂಸ್ಕರಿಸದ) ಫ್ರೇಮ್ ತೆಗೆಯಿರಿ. ಫೋಕಸ್, ವೈಟ್ ಬ್ಯಾಲೆನ್ಸ್ ಎರಡೂ ಮ್ಯಾನುಯಲ್. ಫೋಟೋಶಾಪ್‌ನಲ್ಲಿ ಎಲ್ಲವನ್ನೂ ಪದರಗಳಾಗಿ ತೆರೆದು, ಒಂದರ ಮೇಲೊಂದು ಹೊಂದಿಸಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ ಆರಿಸಿ. ನಾಲ್ಕು ಫ್ರೇಮಿನ ಸರಾಸರಿಯಲ್ಲಿ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ಮೂರೇ ಫ್ರೇಮ್ ಸಾಕು, ಹಿಡಿದ ಒಟ್ಟು ಬೆಳಕು ಫುಲ್ ಫ್ರೇಮಿನ ಒಂದು ಫ್ರೇಮನ್ನು ದಾಟುತ್ತದೆ. ನೀರು, ಮೋಡ ಮೃದುವಾಗುತ್ತವೆ, ಹಲವು ಬಾರಿ ಅದು ಬೇಕಾದದ್ದೇ. ಗಾಳಿಗೆ ಆಡುವ ಕೊಂಬೆ ಮಾತ್ರ ಹೊಗೆಯಾಗುತ್ತದೆ. ಆ ಭಾಗಕ್ಕೆ ಒಂದೇ ಫ್ರೇಮನ್ನು ಮಾಸ್ಕ್ ಮಾಡಿ ಉಳಿಸಿಕೊಳ್ಳಿ.

ಎರಡನೆಯದು ನೆಟ್ಟಗೆ ಹಿಡಿದ ಪನೋರಮಾ. ಇದರ ಗಣಿತ ಸುಂದರವಾಗಿದೆ. ಕ್ರಾಪ್ ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿದರೆ ಸೆನ್ಸರಿನ ಎತ್ತರ 23.5 ಮಿ.ಮೀ., ಫುಲ್ ಫ್ರೇಮಿನ 24ಕ್ಕೆ ಕೂದಲಿನಷ್ಟೇ ಕಡಿಮೆ. ಅಗಲ 15.6. ಮೂರನೇ ಒಂದು ಪಾಲು ಒಂದರ ಮೇಲೊಂದು ಬರುವಂತೆ ಮೂರು ಫ್ರೇಮ್ ಜೋಡಿಸಿದರೆ ಅಗಲ ಸುಮಾರು 36 ಮಿ.ಮೀ. ಹೆಚ್ಚುಕಡಿಮೆ ಒಂದು ಫುಲ್ ಫ್ರೇಮ್ ಸೆನ್ಸರ್ ಕಟ್ಟಿದಂತೆ, ಅದೂ 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ 56 ಮೆಗಾಪಿಕ್ಸೆಲ್. ಮೊದಲು ಟ್ರೈಪಾಡಿನ ಕಾಲುಗಳನ್ನು ಸರಿಹೊಂದಿಸಿ ತಳವನ್ನು ಮಟ್ಟಸ ಮಾಡಿ, ಆಮೇಲೆ ಹೆಡ್ಡನ್ನು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನುಯಲ್. ಪೋಲರೈಸರ್ ತೆಗೆದಿಡಿ, ಆಕಾಶದಲ್ಲಿ ಕಪ್ಪು ಪಟ್ಟೆ ಬರುತ್ತದೆ. ಒಂದು ಮೀಟರಿನೊಳಗೆ ಮುಂಭಾಗವಿದ್ದರೆ ಕ್ಯಾಮೆರಾವನ್ನು ಹಳಿಯ ಮೇಲೆ ಹಿಂದಕ್ಕೆ ಸರಿಸಿ, ಲೆನ್ಸಿನೊಳಗೆ ಅಪರ್ಚರ್ ಕಾಣುವ ಜಾಗದ ಸುತ್ತ ತಿರುಗುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಬಂಡೆಯ ಅಂಚು ತುಂಡಾಗುತ್ತದೆ. ದಡಕ್ಕೆ ಬಡಿಯುವ ಅಲೆಗಳಿಗೆ ಈ ವಿಧಾನ ಒಗ್ಗದು.

ಹಣ ಕೊಡುವ ಮುನ್ನ

ಮೊದಲು ನಿಮ್ಮ ಹಳೆಯ ಚಿತ್ರಗಳನ್ನೇ ಕೇಳಿ. ಲೈಟ್‌ರೂಮ್‌ನಂಥ ಯಾವುದೇ ಸಾಫ್ಟ್‌ವೇರ್‌ನಲ್ಲಿ ನಿಮಗೆ ಮೆಚ್ಚಿಗೆಯಾದ ನೂರು ಲ್ಯಾಂಡ್‌ಸ್ಕೇಪ್ ಬೇರೆ ಮಾಡಿ, ಫೋಕಲ್ ಲೆಂತ್, ಐಎಸ್‌ಒ, ಅಪರ್ಚರ್ ಎಣಿಸಿ. ಮುಕ್ಕಾಲು ಪಾಲು ಐಎಸ್‌ಒ 400ರ ಒಳಗಿದ್ದರೆ, ನಕ್ಷತ್ರ ಹತ್ತಕ್ಕಿಂತ ಕಡಿಮೆ ಇದ್ದರೆ, ಸೆನ್ಸರ್ ಬದಲಿಸುವ ಹಣವನ್ನು ಒಳ್ಳೆಯ ವೈಡ್ ಲೆನ್ಸಿಗೂ ಗಟ್ಟಿ ಟ್ರೈಪಾಡಿಗೂ ಹಾಕಿ. ಬಹುಪಾಲು ಜನರಿಗೆ ಸರಿಯಾದ ಉತ್ತರ ಇದೇ. ಐಎಸ್‌ಒ 1600ರ ಮೇಲಿನ ಚಿತ್ರಗಳೇ ತುಂಬಿದ್ದರೆ, ಇಲ್ಲವೇ ಮೀಟರ್ ಅಗಲದ ಮುದ್ರಣ ನಿಮ್ಮ ಕೆಲಸವಾಗಿದ್ದರೆ ಫುಲ್ ಫ್ರೇಮ್‌ಗೆ ಹೋಗಿ, ಹೋದರೆ 45 ಮೆಗಾಪಿಕ್ಸೆಲ್‌ಗೆ ಕಡಿಮೆ ಇಲ್ಲದ್ದಕ್ಕೆ. ಬರೀ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಹಗಲಿನ ಟ್ರೈಪಾಡ್ ಕೆಲಸಕ್ಕೆ ಕೊಡುವ ಲಾಭ ನೆರಳಿನ ಸ್ವಚ್ಛತೆ ಒಂದೇ.

ಬಾಡಿಗೆಗೆ ತಂದು ಹೋಲಿಸುವುದಾದರೆ ನ್ಯಾಯವಾಗಿ ಹೋಲಿಸಿ. ಒಂದೇ ಜಾಗ, ಒಂದೇ ನೋಟ, ಅಪರ್ಚರ್ ಒಂದೂವರೆ ಪಟ್ಟು ಅಂತರದಲ್ಲಿ, ಎರಡೂ ತಮ್ಮ ಮೂಲ ಐಎಸ್‌ಒದಲ್ಲಿ. ಬೆಳಕು ಬದಲಾಗುವ ಮುನ್ನ ಎರಡೂ ನಿಮಿಷದೊಳಗೆ ಮುಗಿಯಬೇಕು. ಆಮೇಲೆ ಎರಡನ್ನೂ ಒಂದೇ ಪಿಕ್ಸೆಲ್ ಅಗಲಕ್ಕೆ ತಂದು ನೋಡಿ. ಒಂದನ್ನು 24, ಇನ್ನೊಂದನ್ನು 61 ಮೆಗಾಪಿಕ್ಸೆಲ್‌ನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ಪಕ್ಕಪಕ್ಕ ಇಟ್ಟರೆ ಹೆಚ್ಚು ಪಿಕ್ಸೆಲ್ ಇರುವುದೇ ಸುಮ್ಮನೆ ಸೋತಂತೆ ಕಾಣುತ್ತದೆ.

ಕ್ಯಾಮೆರಾ ಯಾವುದೇ ಆಗಲಿ, ಕೊಂಡ ಲೆನ್ಸನ್ನು ಹಿಂದಿರುಗಿಸುವ ಅವಧಿಯೊಳಗೆ ಪರೀಕ್ಷಿಸಲು ಮರೆಯಬೇಡಿ. ವೈಡ್ ಲೆನ್ಸ್‌ಗಳಲ್ಲಿ ಗಾಜಿನ ಒಂದು ಪದರ ಓರೆಯಾಗಿ ಕೂತಿರುವ ದೋಷ ಅಪರೂಪವಲ್ಲ. ದೂರದ ಮರಗಳ ಸಾಲೋ ಕಟ್ಟಡವೋ ಸಿಕ್ಕರೆ ಸಾಕು. ಟ್ರೈಪಾಡಿನ ಮೇಲೆ ಪೂರ್ತಿ ತೆರೆದ ಅಪರ್ಚರಿನಲ್ಲಿ ನಡುವಿಗೆ ಫೋಕಸ್ ಮಾಡಿ ಲಾಕ್ ಮಾಡಿ. ಕ್ಯಾಮೆರಾ ತಿರುಗಿಸುತ್ತ ಅದೇ ವಸ್ತುವನ್ನು ನಾಲ್ಕೂ ಮೂಲೆಗೆ ತಂದು ಒಂದೊಂದು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಬಗೆಯಲ್ಲಿ ತುಸು ಮಸುಕಾದರೆ ಅದು ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಹಿಟ್ಟಾಗಿದ್ದು ಎಫ್/8ಕ್ಕೆ ಇಳಿಸಿದರೂ ಸರಿಹೋಗದಿದ್ದರೆ ಲೆನ್ಸನ್ನು ಹಿಂದಿರುಗಿಸಿ ಬೇರೊಂದು ಪ್ರತಿ ತೆಗೆದುಕೊಳ್ಳಿ.